ಮರದ ಮೇಲೆ ಸಣ್ಣ ಕನ್ನಡ ಅಕ್ಷರ ಕೆತ್ತುವುದು ಹೇಗೆ

ಹಸೆಮಣೆಯ ಅಂಚಿಗೆ ಮದುಮಕ್ಕಳ ಹೆಸರು, ತೊಟ್ಟಿಲ ಪಟ್ಟಿಗೆ ಮಗುವಿನ ಹೆಸರು, ಚನ್ನೆಮಣೆಯ ಬದಿಗೆ ಊರಿನ ಹೆಸರು, ಬಾಗಿಲ ಪಕ್ಕಕ್ಕೆ ‘ಶ್ರೀನಿಲಯ’ ಎಂಬ ಪುಟ್ಟ ಹಲಗೆ. ಇಂಥ ಕೆಲಸಕ್ಕೆ ಬೇಕಾಗುವುದು ಒಂದರಿಂದ ಎರಡೂವರೆ ಸೆಂಟಿಮೀಟರ್ ಎತ್ತರದ ಅಕ್ಷರ. ಅಡಿ ಎತ್ತರದ ಅಕ್ಷರ ಕೆತ್ತುವುದಕ್ಕಿಂತ ಇದು ಕಷ್ಟ. ಮರ ಕೆತ್ತನೆಯ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಗಳನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ: ನೇರ ಗೆರೆ, ಚೂಪು ಮೂಲೆ, ಎಲ್ಲ ಅಕ್ಷರಕ್ಕೂ ಒಂದೇ ಎತ್ತರ. ಕನ್ನಡದಲ್ಲಿ ನೇರ ಗೆರೆಯೇ ಅಪರೂಪ. ಎಲ್ಲವೂ ದುಂಡು, ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ಆದ್ದರಿಂದ ನಮ್ಮ ಅಕ್ಷರ ಕೆತ್ತುವಾಗ ಕಣ್ಣಿರಬೇಕಾದದ್ದು ಗೆರೆಯ ಮೇಲಲ್ಲ, ಗೆರೆಗಳ ನಡುವೆ ಉಳಿಯುವ ಮರದ ಮೇಲೆ. ಅಕ್ಷರವನ್ನು ಓದಿಸುವುದೂ ಅದೇ, ಮೊದಲು ಮುರಿಯುವುದೂ ಅದೇ.

ಅಳತೆಯನ್ನು ಒತ್ತಕ್ಷರ ನೋಡಿ ನಿಶ್ಚಯಿಸಿ

ಸಾಮಾನ್ಯವಾಗಿ ಹಲಗೆಯ ಅಗಲ ನೋಡಿ ಅಕ್ಷರದ ಎತ್ತರ ತೀರ್ಮಾನಿಸುತ್ತಾರೆ. ಅರ್ಧ ಕೆಲಸ ಆದಮೇಲೆ ಒತ್ತಕ್ಷರದ ಹತ್ತಿರ ಸಿಕ್ಕಿಹಾಕಿಕೊಳ್ಳುವುದು ಈ ಕಾರಣದಿಂದಲೇ. ಒತ್ತಕ್ಷರದ ಎತ್ತರ ಮುಖ್ಯ ಅಕ್ಷರದ ಸುಮಾರು ಅರ್ಧ. ಅದರ ಗೆರೆಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಸಣ್ಣದಾಗಬೇಕು. ಮುಖ್ಯ ಅಕ್ಷರ 20 ಮಿಲಿಮೀಟರ್ ಎತ್ತರ, ಗೆರೆ 2 ಮಿಮೀ ಅಗಲ ಎಂದಿಟ್ಟುಕೊಂಡರೆ ಕೆಳಗಿನ ಒತ್ತು 10 ಮಿಮೀ, ಅದರ ಗೆರೆ 1.2 ಮಿಮೀ. ಸಣ್ಣ ಎಳೆಯ ಮರದಲ್ಲಿ, ಅಂದರೆ ನಾರು ಸಣ್ಣಗೆ ಒತ್ತೊತ್ತಾಗಿರುವ ಮರದಲ್ಲಿ, 1 ಮಿಮೀ ಅಗಲದ ಗೆರೆ ಸ್ವಚ್ಛವಾಗಿ ಬರುತ್ತದೆ. ತೇಗದಲ್ಲಿ 1.5 ಮಿಮೀಗಿಂತ ಕೆಳಗೆ ಇಳಿದರೆ ಮರದ ರಂಧ್ರ ಯಾವುದು, ಗೆರೆ ಯಾವುದು ಎಂದೇ ತಿಳಿಯದು.

ಇದರಿಂದ ಬರುವ ಲೆಕ್ಕ ಹೀಗೆ. ಹೆಸರಿನಲ್ಲಿ ಒತ್ತಕ್ಷರವೇ ಇಲ್ಲದಿದ್ದರೆ, ಅಂದರೆ ‘ಮಾನಸ’, ‘ಕಮಲ’, ‘ಶಂಕರ’ ಥರದ್ದಾದರೆ, ಸಣ್ಣ ಎಳೆಯ ಮರದಲ್ಲಿ 12 ಮಿಮೀ ಎತ್ತರದವರೆಗೂ ಇಳಿಯಬಹುದು. ಒಂದು ಒತ್ತು ಇದ್ದರೆ ಮುಖ್ಯ ಅಕ್ಷರ ಕನಿಷ್ಠ 18 ಮಿಮೀ ಇರಲಿ. ತೇಗವಾದರೆ 25. ‘ಲಕ್ಷ್ಮಿ’, ‘ರಾಷ್ಟ್ರ’ಗಳಂತೆ ಒತ್ತಿನ ಜೊತೆ ಇನ್ನೊಂದು ಒತ್ತು ಬರುವ ಹೆಸರಿಗೆ ಇದಕ್ಕೂ ಕಾಲುಭಾಗ ಸೇರಿಸಿ. ಗೆರೆಯ ಅಗಲ ಮುಖ್ಯ ಅಕ್ಷರದ ಎತ್ತರದ ಹತ್ತನೇ ಒಂದರಿಂದ ಎಂಟನೇ ಒಂದು ಭಾಗದೊಳಗಿರಲಿ. ಅಕ್ಷರದ ಒಳಗಿನ ಖಾಲಿ ಜಾಗ ಎಲ್ಲೂ ಗೆರೆಯ ಅಗಲಕ್ಕಿಂತ ಕಡಿಮೆಯಾಗಬಾರದು.

ಹಲಗೆಯ ಅಗಲಕ್ಕೆ ಲೆಕ್ಕ: 20 ಮಿಮೀ ಅಕ್ಷರಕ್ಕೆ ಮೇಲೆ ಗುಡಿಸು, ದೀರ್ಘಕ್ಕೆ 4 ಮಿಮೀ, ಕೆಳಗೆ ಒತ್ತಿಗೆ ಮೊದಲು 2 ಮಿಮೀ ಅಂತರ, ಒತ್ತು 10 ಮಿಮೀ. ಒಟ್ಟು 36. ಮೇಲೆ ಕೆಳಗೆ ತಲಾ 15 ಮಿಮೀ ಬಿಟ್ಟರೆ 66. ಅಂದರೆ 70-75 ಮಿಮೀ ಅಗಲದ ಪಟ್ಟಿ ಬೇಕು. ಹಸೆಮಣೆಯ ಹಲಗೆಯ ದಪ್ಪ ಸಾಮಾನ್ಯವಾಗಿ ಇಷ್ಟಿರುವುದಿಲ್ಲವಾದ್ದರಿಂದ ಒತ್ತು ಇರುವ ಹೆಸರು ಅದರ ಮುಂಬದಿಯ ಅಂಚಿಗೆ ಹಿಡಿಸದು, ಮೇಲ್ಮೈಯ ಅಂಚಿನ ಪಟ್ಟಿಗೇ ಹೋಗಬೇಕು. ಕೂರುವ ಮಣೆ, ಕಾಲಿಡುವ ಹಲಗೆಗಳ ಮೇಲೆ ‘ಶ್ರೀ’ಯನ್ನಾಗಲಿ ದೇವರ ಹೆಸರನ್ನಾಗಲಿ ಕೆತ್ತುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ. ಬಹಳ ಮನೆಗಳಲ್ಲಿ ಅದು ಬೇಡವೆನ್ನುತ್ತಾರೆ, ಕೆತ್ತಿದ ಮೇಲೆ ಅಳಿಸಲಾಗದು.

ಪದವನ್ನು ಹಲಗೆಯ ನಡುವೆ ಕೂರಿಸುವಾಗ ಒತ್ತು, ಗುಡಿಸುಗಳನ್ನೆಲ್ಲ ಸೇರಿಸಿ ಮಧ್ಯಬಿಂದು ಹಿಡಿದರೆ ಪದ ಮೇಲಕ್ಕೆ ಏರಿದಂತೆ ಕಾಣುತ್ತದೆ. ಕಣ್ಣು ಓದುವುದು ಮುಖ್ಯ ಅಕ್ಷರಗಳ ಸಾಲನ್ನು. ಆ ಸಾಲು ಹಲಗೆಯ ಮಧ್ಯರೇಖೆಗಿಂತ ಸ್ವಲ್ಪವೇ ಮೇಲಿರಲಿ, ಒತ್ತು ತನ್ನಷ್ಟಕ್ಕೆ ಕೆಳಗಿಳಿಯಲಿ.

ಯಾವ ಅಕ್ಷರರೂಪ

ಕೈಬರಹ ಚೆನ್ನಾಗಿರುವವರು ಬರೆದೇ ಕೆತ್ತಬಹುದು. ಕಂಪ್ಯೂಟರ್ ಫಾಂಟ್ ಬಳಸುವುದಾದರೆ ಗೆರೆ ಎಲ್ಲೆಡೆ ಒಂದೇ ದಪ್ಪ ಇರುವುದನ್ನು ಆರಿಸಿ. ‘ಹುಬ್ಬಳ್ಳಿ’ ಅಂಥದ್ದು, ಕಾದ ಮೊನೆಯಿಂದ ಸುಟ್ಟು ಬರೆಯುವ ಕೆಲಸಕ್ಕೂ ಕೆತ್ತಿದ ಗೆರೆಯೊಳಗೆ ಲೋಹದ ತಂತಿ ಕೂರಿಸುವುದಕ್ಕೂ ಬಹಳ ಒಳ್ಳೆಯದು. ‘ನೋಟೋ ಸಾನ್ಸ್ ಕನ್ನಡ’ದ ತೆಳು ತೂಕವೂ ಆಗುತ್ತದೆ. ‘ಟಿರೋ ಕನ್ನಡ’ದಂತೆ ದಪ್ಪ-ತೆಳು ಏರಿಳಿತ ಇರುವುದು ಕಾಗದದ ಮೇಲೆ ಸುಂದರ. 25 ಮಿಮೀಗಿಂತ ಸಣ್ಣದರಲ್ಲಿ ಅದರ ತೆಳು ಗೆರೆ ಮರದಲ್ಲಿ ನಿಲ್ಲುವುದಿಲ್ಲ. ‘ಬಾಲೂ ತಮ್ಮ’ದಂಥ ಗುಂಡು ಗುಂಡು ದಪ್ಪ ಅಕ್ಷರವಂತೂ ಬೇಡ, ಒಳಗಿನ ಜಾಗವೆಲ್ಲ ಮುಚ್ಚಿಹೋಗಿರುತ್ತದೆ.

ಆರಿಸಿದ ಮೇಲೆ ಅಕ್ಷರ ಅಕ್ಷರವಾಗಿ ಪರೀಕ್ಷಿಸಬೇಕಾದ ಕೆಲವು ಜಾಗಗಳಿವೆ. ಮೊದಲನೆಯದು ಮಹಾಪ್ರಾಣದ ಸೀಳು. ದ-ಧ, ಪ-ಫ, ಬ-ಭ, ಡ-ಢ, ಇವುಗಳ ನಡುವೆ ಇರುವುದು ಅಡಿಯಲ್ಲಿನ ಒಂದು ಸಣ್ಣ ಸೀಳು ಮಾತ್ರ. 20 ಮಿಮೀ ಅಕ್ಷರದಲ್ಲಿ ಅದರ ಉದ್ದ ಮೂರು ನಾಲ್ಕು ಮಿಮೀ ಇರಬಹುದು. ಅದು ಬಣ್ಣದಲ್ಲಿ ಮುಚ್ಚಿಹೋದರೆ ‘ಧನ’ ಹೋಗಿ ‘ದನ’ವಾಗುತ್ತದೆ. ಫಾಂಟಿನಲ್ಲಿರುವುದಕ್ಕಿಂತ ಆ ಸೀಳನ್ನು ಒಂದೂವರೆ ಪಟ್ಟು ಉದ್ದ ಎಳೆದುಕೊಳ್ಳಿ. ಎರಡನೆಯದು ‘ಮ’ ಮತ್ತು ‘ವು’. ಎರಡರಲ್ಲೂ ಬಾಲ ಬಲಕ್ಕೆ ಹೊರಳುತ್ತದೆ, ಎಲ್ಲಿಂದ ಹೊರಡುತ್ತದೆ ಎಂಬುದೇ ವ್ಯತ್ಯಾಸ. ‘ವು’ದ ಕೊಂಬು ಅಡಿಯಿಂದ ಕೆಳಗಿಳಿದು ಹೋಗಬೇಕು. ಮೂರನೆಯದು ‘ಠ’, ‘ಥ’ಗಳ ಹೊಟ್ಟೆಯೊಳಗಿನ ಚುಕ್ಕೆ. ನಾಲ್ಕನೆಯದು ‘ಕೃ’ಯ ವಟ್ರಸುಳಿ. ಅದರ ಸುರುಳಿ ಬಿಗಿಯಾಗಿದ್ದರೆ ತಿರುವಿನಲ್ಲಿ ಮರ ಉಳಿಯುವುದೇ ಇಲ್ಲ, ಸ್ವಲ್ಪ ಬಿಚ್ಚಿ ಬರೆದುಕೊಳ್ಳಿ. ‘ಗುರುಕೃಪಾ’ ಕೆತ್ತುವವರು ಇದನ್ನು ಮರೆಯಬಾರದು.

ಅಳತೆಗೆ ಸರಿಯಾಗಿ ಮುದ್ರಿಸಿ, ಆ ಕಾಗದವನ್ನು ಗೋಡೆಗೆ ಅಂಟಿಸಿ, ಎರಡು ಮೀಟರ್ ದೂರದಿಂದ ಮನೆಯ ಹಿರಿಯರಿಗೆ ಓದಿಸಿ. ತಡವರಿಸಿದರೆ ಅಕ್ಷರಗಳ ನಡುವಿನ ಅಂತರ ಹೆಚ್ಚಿಸಬೇಕು. ಅಂತರ ಸಮವಾಗಿದೆಯೇ ಎಂದು ನೋಡಲು ಕಾಗದವನ್ನು ತಲೆಕೆಳಗೆ ಮಾಡಿ. ಆಗ ಕಣ್ಣು ಓದಲು ಹೋಗುವುದಿಲ್ಲ, ಆಕಾರವನ್ನಷ್ಟೇ ನೋಡುತ್ತದೆ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಅಂಗಡಿಗೆ ಕೊಟ್ಟರೆ ಅಕ್ಷರದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಯುನಿಕೋಡ್ ಆದರೂ ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ‘ಶ್’ ಬೇರೆ ‘ರೀ’ ಬೇರೆಯಾಗುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರವಿನ್ಯಾಸ ತಂತ್ರಾಂಶದಲ್ಲಿ ಬರೆದು, ಅಕ್ಷರವನ್ನು ಪಾತ್ (ಫಾಂಟ್ ಬೇಡದ ಬರೀ ಗೆರೆಯ ಆಕಾರ) ಆಗಿ ಬದಲಿಸಿ, ಪಿಡಿಎಫ್ ಮಾಡಿ ಕೊಟ್ಟರೆ ಈ ಎರಡೂ ತಾಪತ್ರಯ ಇಲ್ಲ.

ಮರ

ಸಣ್ಣ ಅಕ್ಷರಕ್ಕೆ ಆಲೆಮರಕ್ಕೆ ಸಮನಾದದ್ದು ನಮ್ಮಲ್ಲಿ ಸಿಗುವುದು ಕಷ್ಟ. ಚನ್ನಪಟ್ಟಣದ ಬೊಂಬೆಗೆ ಬಳಸುವುದು ಇದನ್ನೇ. ಬಿಳಿ ಬಣ್ಣ, ಒತ್ತೊತ್ತಾದ ಸಣ್ಣ ಎಳೆ, ಯಾವ ದಿಕ್ಕಿನಿಂದ ಕತ್ತರಿಸಿದರೂ ಸಿಬಿರು ಏಳುವುದು ಕಡಿಮೆ. ಶಿವನಿಯೂ ಒಳ್ಳೆಯದು: ಹಗುರ, ಮೃದು, ಕಲಿಯುವವರಿಗೆ ಹೇಳಿಮಾಡಿಸಿದ್ದು. ಹಲಸು ಬಣ್ಣಕ್ಕೆ ಚಂದ, ಆದರೆ ಕೆಲವು ಹಲಗೆಗಳಲ್ಲಿ ಎಳೆ ಒಮ್ಮೆ ಅತ್ತ ಒಮ್ಮೆ ಇತ್ತ ಓಡುತ್ತದೆ. ಅಂಥ ಹಲಗೆಯ ಮೇಲೆ ತೋಪಡ (ಉಜ್ಜುಗೊರಡು) ಹೊಡೆದಾಗಲೇ ತಿಳಿಯುತ್ತದೆ, ಒಂದು ಪಟ್ಟಿ ನುಣುಪು, ಪಕ್ಕದ್ದು ಒರಟು. ಅದನ್ನು ಅಕ್ಷರಕ್ಕೆ ತೆಗೆದುಕೊಳ್ಳಬೇಡಿ. ಬೀಟೆ ಗಟ್ಟಿ, ಕೆತ್ತನೆ ನಿಧಾನ, ಆದರೆ ಅಂಚು ಕಲ್ಲಿನಂತೆ ನಿಲ್ಲುತ್ತದೆ. ಬೀಟೆಗೂ ಗಂಧಕ್ಕೂ ಅರಣ್ಯ ಕಾನೂನು ಇದೆ, ಬಿಲ್ ಇರುವ ಮರವನ್ನೇ ಕೊಳ್ಳಿ.

ತೇಗದಲ್ಲಿ ದೊಡ್ಡ ರಂಧ್ರಗಳಿವೆ, ಜೊತೆಗೆ ಮರದಲ್ಲೇ ಇರುವ ಸಿಲಿಕಾ ಉಳಿಯ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ. ಆದರೂ ಮಳೆ ಬಿಸಿಲಿಗೆ ಒಡ್ಡುವ ಮನೆಹೆಸರಿಗೆ ತೇಗವೇ ಸರಿ. ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಿ, ಅಷ್ಟೆ. ಸಿಲ್ವರ್ ಓಕ್ ಬೇಡ, ಅದರ ಹೊಳೆಯುವ ಚಕ್ಕೆಗಳು ಸಣ್ಣ ಗೆರೆಯ ಅಂಚಿನಲ್ಲಿ ಎದ್ದುಬರುತ್ತವೆ. ಪ್ಲೈವುಡ್ಡಿನ ಮೇಲ್ಪದರ ಒಂದು ಮಿಮೀಗಿಂತ ತೆಳು, ಉಳಿ ಇಟ್ಟೊಡನೆ ಅಂಟಿನ ಪದರ ಸಿಗುತ್ತದೆ.

ಉಪಕರಣ

ಪಟ್ಟಿ ಚಿಕ್ಕದು. ಗಿಡ್ಡ ಅಲಗಿನ ಒಂದು ಕೆತ್ತನೆ ಕತ್ತಿ, ಅಲಗು ಮೂರು ನಾಲ್ಕು ಸೆಂಟಿಮೀಟರ್ ಸಾಕು. ಹಳೆಯ ಪವರ್ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಸಾಣೆ ಹಿಡಿಸಿದರೂ ಒಳ್ಳೆಯ ಕತ್ತಿಯಾಗುತ್ತದೆ. 3 ಮಿಮೀ ಚಪ್ಪಟೆ ಉಳಿ ಒಂದು. ಬಾಯಿ ಬಾಗಿದ ದುಂಡುಳಿ ಮೂರು: 3, 6, 8 ಮಿಮೀ. ವಿ ಆಕಾರದ ಉಳಿ ಇದ್ದರೆ 60 ಡಿಗ್ರಿಯದು, 3 ಮಿಮೀ. ಸಣ್ಣ ಕೊಡತಿ, ಎರಡು ಕ್ಲ್ಯಾಂಪ್. ಒಂದು ಮೇಜಿನ ದೀಪ.

ಈ ದೀಪವನ್ನು ಹಗುರಾಗಿ ಕಾಣಬೇಡಿ. ತಲೆಯ ಮೇಲಿನ ಟ್ಯೂಬ್‌ಲೈಟಿನಲ್ಲಿ ತೋಡಿನ ಆಳ ಕಾಣುವುದೇ ಇಲ್ಲ. ದೀಪವನ್ನು ಎಡಗಡೆ, ಹಲಗೆಗೆ ತೀರಾ ತಗ್ಗಿನಲ್ಲಿ ಇಟ್ಟರೆ ಪ್ರತಿ ಗೆರೆಗೂ ಒಂದು ಬದಿ ಬೆಳಕು, ಒಂದು ಬದಿ ನೆರಳು ಬೀಳುತ್ತದೆ. ತೋಡಿನ ತಳ ಡೊಂಕಾಗಿದ್ದರೆ ಬೆಳಕು ನೆರಳಿನ ಗಡಿಯೂ ಡೊಂಕು.

ಹರಿತಕ್ಕೆ 1000 ನಂಬರಿನ ಸಾಣೆಕಲ್ಲು, ಆಮೇಲೆ ತೊಗಲಿನ ಪಟ್ಟಿಯ ಮೇಲೆ ಹಸಿರು ಬಫಿಂಗ್ ಸೋಪು ಉಜ್ಜಿ ಅದರ ಮೇಲೆ ಹಿಮ್ಮುಖವಾಗಿ ಎಳೆಯುವುದು. ಮೃದು ಮರದ ತುಂಡಿನ ಮೇಲೆ ಎಳೆಗೆ ಅಡ್ಡಲಾಗಿ ಒಂದು ಗೆರೆ ಹೊಡೆದು ನೋಡಿ. ಗೋಡೆ ಹೊಳೆದರೆ ಹರಿತ ಸರಿ. ಬೆಳ್ಳಗೆ ಹತ್ತಿಯಂತೆ ಎದ್ದಿದ್ದರೆ ಮತ್ತೆ ಪಟ್ಟಿಗೆ ಹೋಗಿ. ಕೆತ್ತುವಾಗ ಹತ್ತು ನಿಮಿಷಕ್ಕೊಮ್ಮೆ ಪಟ್ಟಿಯ ಮೇಲೆ ಎಳೆಯುವ ರೂಢಿ ಇರಲಿ. ಅಂಚು ಚೂರಾಗುವುದು ಕೈ ತಪ್ಪಿ ಅನ್ನಿಸುತ್ತದೆ, ಹೆಚ್ಚಿನ ಸಲ ಅದು ಮೊಂಡು ಬಾಯಿಯ ಕೆಲಸ.

ಅಕ್ಷರವನ್ನು ಮರಕ್ಕೆ ಇಳಿಸುವುದು

ಹಲಗೆಯನ್ನು ಮೊದಲೇ ತೋಪಡ ಹೊಡೆದು 240ರ ಉಪ್ಪುಕಾಗದದವರೆಗೆ ನಯ ಮಾಡಿ ಮುಗಿಸಿಬಿಡಿ. ಕೆತ್ತಿದ ಮೇಲೆ ಜೋರಾಗಿ ಉಜ್ಜಿದರೆ ಅಂಚುಗಳು ಸವೆದು ಅಕ್ಷರ ಮಂಕಾಗುತ್ತದೆ. ಉಜ್ಜಿದ ಪುಡಿ ಪೂರ್ತಿ ಹೋಗಬೇಕು, ಉಪ್ಪುಕಾಗದದ ಕಣ ಉಳಿದರೂ ಕತ್ತಿಯ ಬಾಯಿ ಹಾಳು.

ಬಿಳಿ ಮರಕ್ಕೆ ಕಾರ್ಬನ್ ಕಾಗದ ಸಾಕು, ಆದರೆ ಗೆರೆಯನ್ನು ಗಟ್ಟಿ ಪೆನ್ಸಿಲ್ಲಿನಿಂದ ಎಳೆಯಿರಿ. ಬಾಲ್‌ಪೆನ್ನು ಒತ್ತಿದರೆ ಮೃದು ಮರದಲ್ಲಿ ಗುಳಿ ಬಿದ್ದು ಉಳಿದುಬಿಡುತ್ತದೆ. ಬೀಟೆಯಂಥ ಕಪ್ಪು ಮರದ ಮೇಲೆ ಕಾರ್ಬನ್ ಕಾಣದು. ದರ್ಜಿಗಳು ಬಳಸುವ ಬಿಳಿ ಅಥವಾ ಹಳದಿ ಕಾರ್ಬನ್ ತನ್ನಿ, ಇಲ್ಲವೇ ಕಾಗದದ ಹಿಂಬದಿಗೆ ಸೀಮೆಸುಣ್ಣ ಉಜ್ಜಿ.

ಇನ್ನೂ ನಿಖರ ಬೇಕಾದರೆ ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಪ್ರತಿ. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಿ, ಮುದ್ರಣದ ಬದಿ ಮರಕ್ಕೆ ತಾಗುವಂತೆ ಟೇಪಿನಿಂದ ಬಿಗಿಯಿರಿ. ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಹಿಂಡಿ ಕಾಗದದ ಹಿಂಬದಿ ಒದ್ದೆ ಮಾಡಿ ಚಮಚದ ಬೆನ್ನಿನಿಂದ ಉಜ್ಜಿ. ಕಪ್ಪು ಪುಡಿ ಮರಕ್ಕೆ ಇಳಿಯುತ್ತದೆ. ಹತ್ತಿ ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ಗೆರೆ ಹರಡುತ್ತದೆ. ಇಂಕ್‌ಜೆಟ್ ಮುದ್ರಣಕ್ಕೆ ಈ ವಿಧಾನ ನಡೆಯದು, ಅದರಲ್ಲಿರುವುದು ಕರಗುವ ಪ್ಲಾಸ್ಟಿಕ್ ಪುಡಿಯಲ್ಲ, ಶಾಯಿ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ.

ಗೆರೆ ಇಳಿದ ಮೇಲೆ ಪ್ರತಿ ಗೆರೆಯ ನಟ್ಟನಡುವೆ ಸಣ್ಣ ಪೆನ್ಸಿಲ್ ರೇಖೆಯೊಂದನ್ನು ಎಳೆಯಿರಿ. ತೋಡಿನ ತಳ ಬರಬೇಕಾದದ್ದು ಅಲ್ಲೇ.

ತೋಡಿನ ಆಳ

ಎರಡು ಗೋಡೆಗಳು ಇಳಿಜಾರಾಗಿ ತಳದಲ್ಲಿ ಸೇರುವ ವಿ ತೋಡು ಸಣ್ಣ ಅಕ್ಷರಕ್ಕೆ ಸರಿಯಾದದ್ದು. ಗೋಡೆಗಳ ನಡುವೆ 60 ಡಿಗ್ರಿ ಇದ್ದರೆ ಆಳ ಅಗಲದ 0.87ರಷ್ಟು, ಅಂದರೆ 2 ಮಿಮೀ ಅಗಲದ ಗೆರೆಗೆ ಸುಮಾರು 1.7 ಮಿಮೀ ಆಳ. 90 ಡಿಗ್ರಿ ಇದ್ದರೆ ಆಳ ಅಗಲದ ಅರ್ಧ, 1 ಮಿಮೀ. ಆಳ ಹೆಚ್ಚಿದ್ದರೆ ನೆರಳು ಗಾಢ, ಅಕ್ಷರ ಎದ್ದು ಕಾಣುತ್ತದೆ. ಆದರೆ ಒಳಗೆ ಉಳಿದ ಮರ ಎತ್ತರದ ಕಂಬದಂತಾಗಿ ದುರ್ಬಲವಾಗುತ್ತದೆ. ಆದ್ದರಿಂದ ಮುಖ್ಯ ಅಕ್ಷರಕ್ಕೆ 60, ಒತ್ತಕ್ಷರಕ್ಕೂ ಬಿಗಿ ಸುರುಳಿಗಳಿಗೂ 90ರ ಹತ್ತಿರ ಹೋಗುವುದು ಜಾಣತನ.

ಒಂದು ಸೊನ್ನೆ, ಹತ್ತಿರದಿಂದ

‘ಚಂದ್ರ’ ಎಂಬ ಹೆಸರನ್ನು ತೆಗೆದುಕೊಳ್ಳೋಣ. ಮುಖ್ಯ ಅಕ್ಷರ 20 ಮಿಮೀ, ಗೆರೆ 2 ಮಿಮೀ. ಕೆತ್ತಲು ಶುರು ಮಾಡಬೇಕಾದದ್ದು ‘ಚ’ದಿಂದಲ್ಲ, ಸೊನ್ನೆಯಿಂದ. ಅದು ಬಂದರೆ ‘ರ’, ‘ಠ’ಗಳ ಹೊಟ್ಟೆ ಬಂದ ಹಾಗೆ, ಅದು ಬಂದರೆ ಕನ್ನಡದ ಅರ್ಧ ಬಂದ ಹಾಗೆ. ಅದೇ ಮರದ ತುಂಡೊಂದರ ಮೇಲೆ ನಾಲ್ಕೈದು ಸೊನ್ನೆ ಕೆತ್ತಿ ಕೈ ಕೂರಿಸಿಕೊಂಡ ಮೇಲೆ ಹಲಗೆಗೆ ಬನ್ನಿ.

ಮರದ ಎಳೆ ಪದದ ಉದ್ದಕ್ಕೆ, ಎಡದಿಂದ ಬಲಕ್ಕೆ ಓಡುತ್ತಿದೆ ಎಂದಿಟ್ಟುಕೊಳ್ಳಿ. ಸೊನ್ನೆಯನ್ನು ಗಡಿಯಾರದ ಮುಖದಂತೆ ನೋಡಿ. 12 ಮತ್ತು 6ರಲ್ಲಿ ಗೆರೆ ಎಳೆಯ ಜೊತೆಗೆ ಹೋಗುತ್ತದೆ, 3 ಮತ್ತು 9ರಲ್ಲಿ ಎಳೆಗೆ ಅಡ್ಡ.

ಮೊದಲು ನಡುರೇಖೆ. ಅದರ ತಿರುವಿಗೆ ಹೊಂದುವ ದುಂಡುಳಿ ಆರಿಸಿ. ಹೊಂದುತ್ತದೋ ಇಲ್ಲವೋ ತಿಳಿಯಲು ಉಳಿಯ ಬಾಯನ್ನು ಕಾಗದದ ಪ್ರತಿಯ ಮೇಲೆ ಒತ್ತಿ ನೋಡಿ. ಉಳಿಯನ್ನು ನೆಟ್ಟಗೆ ಹಿಡಿದು ನಡುರೇಖೆಯ ಮೇಲೆ ಒಂದು ಮಿಮೀ ಇಳಿಯುವಷ್ಟು ಮೆಲ್ಲಗೆ ತಟ್ಟಿ, ಸುತ್ತಲೂ ಒಂದರ ಪಕ್ಕ ಒಂದು. ಈ ಸೀಳು ಇದ್ದರೆ ಮುಂದೆ ಬರುವ ಚಕ್ಕೆ ತಾನಾಗಿ ಅಲ್ಲಿಗೆ ಬಂದು ಕಳಚುತ್ತದೆ.

ಆಮೇಲೆ ಹೊರಗೋಡೆ. ಕತ್ತಿಯನ್ನು ತೋಡಿನ ಕಡೆಗೆ ಓರೆ ಮಾಡಿ, 3ರಿಂದ ಹೊರಟು 12ಕ್ಕೆ, ಮತ್ತೆ 3ರಿಂದ 6ಕ್ಕೆ. ಹಾಗೆಯೇ 9ರಿಂದ 12ಕ್ಕೆ, 9ರಿಂದ 6ಕ್ಕೆ. ನಾಲ್ಕು ಕಾಲುಭಾಗ, ನಾಲ್ಕು ಎಳೆತ. ಹೀಗೇ ಏಕೆ ಎಂದರೆ, ಕತ್ತಿಯ ಮುಂದೆ ಮರ ಸೀಳಿದರೆ ಆ ಸೀಳು ಎಳೆಯ ಜೊತೆ ಅಡ್ಡಕ್ಕೆ ಓಡುತ್ತದೆ. 3ರಿಂದ 12ಕ್ಕೆ ಹೋಗುವಾಗ ಆ ಸೀಳು ಓಡುವುದು ತೋಡಿನ ಒಳಕ್ಕೆ, ಹೇಗೂ ತೆಗೆಯಬೇಕಾದ ಮರದೊಳಕ್ಕೆ. 12ರಿಂದ 3ಕ್ಕೆ ಎಳೆದರೆ ಅದೇ ಸೀಳು ಅಕ್ಷರದ ಹೊರಗೆ ಉಳಿಯಬೇಕಾದ ಹಲಗೆಯ ಮೈಗೆ ನುಗ್ಗುತ್ತದೆ.

ಒಳಗೋಡೆ ಕೊನೆಗೆ, ಮತ್ತು ದಿಕ್ಕು ಪೂರ್ತಿ ತಿರುವು ಮುರುವು: 12ರಿಂದ 3ಕ್ಕೆ, 12ರಿಂದ 9ಕ್ಕೆ, 6ರಿಂದ 3ಕ್ಕೆ, 6ರಿಂದ 9ಕ್ಕೆ. ಇಲ್ಲಿ ಉಳಿಯಬೇಕಾದದ್ದು ನಡುಗಡ್ಡೆ, ಅಂದರೆ ಸೊನ್ನೆಯೊಳಗಿನ ಮರ, ಸೀಳು ಓಡಬೇಕಾದದ್ದು ಅದರಿಂದ ಹೊರಕ್ಕೆ. ಹೊರಗೋಡೆಯನ್ನು ಮೊದಲು ತೆಗೆಯುವುದಕ್ಕೂ ಕಾರಣ ಇದೆ. ಕತ್ತಿಯ ಅಲಗು ಬೆಣೆಯಂತೆ ಎರಡೂ ಬದಿಗೆ ಒತ್ತುತ್ತದೆ. ಪಕ್ಕದಲ್ಲಿ ಆಗಲೇ ಖಾಲಿ ಜಾಗ ಇದ್ದರೆ ಚಕ್ಕೆ ಅತ್ತ ಸರಿಯುತ್ತದೆ, ಒತ್ತಡ ನಡುಗಡ್ಡೆಯ ಮೇಲೆ ಬೀಳುವುದಿಲ್ಲ.

ಒಂದೇ ಸಲಕ್ಕೆ ಪೂರ್ತಿ ಆಳ ಇಳಿಯಬೇಡಿ. ಮೂರು ಸುತ್ತು: ಮೊದಲೆರಡು ಗೆರೆಯ ಗಡಿಯಿಂದ ಕಾಲು ಮಿಮೀ ಒಳಗೆ, ಕೊನೆಯದು ಗಡಿಯ ಮೇಲೆಯೇ. ಕೊನೆಯ ಸುತ್ತಿಗೆ ಮುಂಚೆ ಕತ್ತಿಯನ್ನು ತೊಗಲಿನ ಮೇಲೆ ಎಳೆದುಕೊಳ್ಳಿ. ಎಡಗೈ ಯಾವಾಗಲೂ ಅಲಗಿನ ಹಿಂದೆ, ಬಲಗೈಯ ಕಿರುಬೆರಳು ಹಲಗೆಯ ಮೇಲೆ ಊರಿರಲಿ. ತಿರುವಿನಲ್ಲಿ ಕೈ ತಿರುಗಿಸುವುದಕ್ಕಿಂತ ಹಲಗೆಯನ್ನೇ ತಿರುಗಿಸಿ. ಸಣ್ಣ ಹಲಗೆಯಾದರೆ ಕ್ಲ್ಯಾಂಪ್ ಬಿಟ್ಟು ಕೆಳಗೆ ರಬ್ಬರ್ ಹಾಳೆ ಹಾಕಿಕೊಂಡರೆ ಇದು ಸಲೀಸು.

ನಡುಗಡ್ಡೆ ನಾಲ್ಕು ಮಿಮೀಗಿಂತ ಸಣ್ಣದಾಗಿದ್ದರೆ ಕೆತ್ತುವ ಮೊದಲೇ ಅದರ ಮೇಲೆ ನೀರಿನಂತೆ ತೆಳುವಾದ ಸೂಪರ್ ಗ್ಲೂ ಒಂದು ಹನಿ ಇಂಗಿಸಿ, ಪೂರ್ತಿ ಒಣಗಲು ಬಿಡಿ. ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಗ್ಲೂ ಇಳಿದ ಜಾಗ ಪಾಲಿಶ್ ಹೀರುವುದಿಲ್ಲ, ಆದ್ದರಿಂದ ಗಡಿ ದಾಟದಂತೆ ಸೂಜಿಮೊನೆಯಿಂದ ಇಡಿ.

ಉಳಿದ ಭಾಗಗಳು

ತಲೆಕಟ್ಟು ಸುಲಭ ಅನ್ನಿಸುತ್ತದೆ, ಹೆಚ್ಚು ಕೆಡುವುದೂ ಅದೇ. ಅದು ಎಳೆಯ ಜೊತೆಗೇ ಓಡುವ ಗೆರೆ. ಕತ್ತಿಯನ್ನು ಎಳೆ ತನ್ನ ದಾರಿಗೆ ಎಳೆದುಕೊಂಡು ಹೋಗುತ್ತದೆ, ಕೊನೆಯಲ್ಲಿ ನಿಲ್ಲಿಸಿದರೂ ಸೀಳು ಮುಂದಕ್ಕೆ ಓಡಿ ಪಕ್ಕದ ಅಕ್ಷರ ಮುಟ್ಟುತ್ತದೆ. ಆದ್ದರಿಂದ ತಲೆಕಟ್ಟಿನ ಎರಡು ತುದಿಗಳಲ್ಲೂ 3 ಮಿಮೀ ಉಳಿಯನ್ನು ಎಳೆಗೆ ಅಡ್ಡಲಾಗಿ ನೆಟ್ಟು ಮೊದಲು ತಡೆಗೀಟು ಹಾಕಿ, ಆಮೇಲೆ ಉದ್ದಕ್ಕೆ ಕತ್ತರಿಸಿ. ತಲೆಕಟ್ಟು ಅಕ್ಷರದ ಮೈಗೆ ಸೇರುವ ಸಂಧಿಯಲ್ಲಿ ಎರಡೂ ತೋಡುಗಳ ತಳ ಒಂದೇ ಆಳದಲ್ಲಿ ಕೂಡಬೇಕು. ಒಂದು ಮೇಲೆ ಒಂದು ಕೆಳಗೆ ಆದರೆ ಅಲ್ಲಿ ಮೆಟ್ಟಿಲು ಬಿದ್ದಂತೆ ಕಾಣುತ್ತದೆ.

‘ದ’ದ ಕೆಳಗೆ ಬರುವ ರ-ಒತ್ತಿನ ಬಾಲವನ್ನು ತುದಿಯ ಕಡೆಗೆ ತೆಳುವಾಗಿಸುತ್ತ ಹೋಗಬೇಕು. ಅಗಲ ಕಡಿಮೆಯಾಗುತ್ತ ಹೋದಂತೆ ಆಳವೂ ತಾನಾಗಿ ಕಡಿಮೆಯಾಗಲಿ, ಕತ್ತಿಯನ್ನು ನಿಧಾನಕ್ಕೆ ಮೇಲೆತ್ತುತ್ತ ಬನ್ನಿ. ತುದಿಯಿಂದ ಒಳಕ್ಕೆ ಕೆತ್ತಬೇಡಿ, ತುದಿ ಮುರಿಯುತ್ತದೆ. ಮುಖ್ಯ ಅಕ್ಷರದ ಅಡಿಗೂ ಒತ್ತಿನ ನೆತ್ತಿಗೂ ನಡುವೆ ಉಳಿಯುವ 2 ಮಿಮೀ ಸೇತುವೆಯೇ ಇಡೀ ಪದದಲ್ಲಿ ನಾಜೂಕು ಜಾಗ. ಅದಕ್ಕೇ ಒತ್ತುಗಳನ್ನೆಲ್ಲ ಮೊದಲು ಕೆತ್ತಿ, ಮುಖ್ಯ ಅಕ್ಷರದ ಅಡಿಭಾಗವನ್ನು ಆಮೇಲೆ ಮುಟ್ಟಿ. ಸೇತುವೆ ಒಡೆಯುವುದಾದರೆ ಕೆಲಸ ಕಡಿಮೆ ಆಗಿರುವಾಗಲೇ ಒಡೆಯಲಿ.

‘ಠ’, ‘ಥ’ಗಳ ಚುಕ್ಕೆಗೆ 3 ಮಿಮೀ ದುಂಡುಳಿಯನ್ನು ಓರೆಯಾಗಿ ಊರಿ ಬೆರಳುಗಳ ನಡುವೆ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಶಂಕುವಿನಾಕಾರದ ಸಣ್ಣ ಚಕ್ಕೆ ಕಳಚಿ ಬರುತ್ತದೆ. ಮಹಾಪ್ರಾಣದ ಸೀಳಿಗೆ ಎರಡೇ ಎರಡು ಕತ್ತಿಗೀಟು.

ಕೆಟ್ಟರೆ

ನಡುಗಡ್ಡೆ ಹಾರಿದರೆ ಕೈ ಅಲ್ಲಾಡಿಸದೆ ಮೊದಲು ಆ ಚೂರನ್ನು ಹುಡುಕಿ. ಅದರಷ್ಟು ಸರಿಯಾಗಿ ಹೊಂದುವ ಮರ ಲೋಕದಲ್ಲಿ ಇನ್ನೊಂದಿಲ್ಲ. ಅಡಿಗೆ ಸೂಪರ್ ಗ್ಲೂ ತಾಗಿಸಿ, ಎಳೆಯ ದಿಕ್ಕು ನೋಡಿ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಿ ಹಿಡಿಯಿರಿ. ಚೂರು ಸಿಗದಿದ್ದರೆ ಅದೇ ಹಲಗೆಯ ಕಾಣದ ಬದಿಯಿಂದ ತುಂಡು ತೆಗೆದು ಕೂರಿಸಿ. ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬುವ ರೂಢಿ ಇದೆ. ಪಾಲಿಶ್ ಆದಮೇಲೆ ಅದು ಕಲೆಯಾಗಿ ಎದ್ದು ಕಾಣುತ್ತದೆ, ಅಕ್ಷರದ ನಡುವೆ ಅದು ಬೇಡ.

ಉಳಿಯ ಹಿಡಿಯೋ ಕೊಡತಿಯೋ ತಾಗಿ ಗುಳಿ ಬಿದ್ದಿದ್ದರೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆಯ ತುದಿ ತಾಗಿಸಿ, ಉಗಿಗೆ ಮರ ಉಬ್ಬಿ ಬರುತ್ತದೆ. ಎಳೆ ಕತ್ತರಿಸಿಹೋಗಿದ್ದರೆ ಉಗಿ ಏನೂ ಮಾಡದು. ಒಂದು ಗೆರೆ ಅರ್ಧ ಮಿಮೀ ದಪ್ಪವಾಯಿತೆಂದು ಪದವನ್ನೆಲ್ಲ ದಪ್ಪ ಮಾಡಲು ಹೋಗಬೇಡಿ. ಆ ಅಕ್ಷರದ ಎದುರು ಬದಿಯ ಗೆರೆಯನ್ನು ಮಾತ್ರ ಕೊಂಚ ಅಗಲಿಸಿದರೆ ಕಣ್ಣಿಗೆ ಸರಿಹೋಗುತ್ತದೆ.

ತೋಡಿನ ತಳ ನಡುರೇಖೆಯಿಂದ ಸರಿದಿದ್ದರೆ ಒಂದು ಗೋಡೆ ಹೆಚ್ಚು ಕಡಿದಾಗಿದೆ ಎಂದರ್ಥ. ಕಡಿದಾದ ಗೋಡೆಯನ್ನು ಬಿಟ್ಟು, ಮಲಗಿರುವ ಗೋಡೆಯ ಬುಡವನ್ನಷ್ಟೇ ಕತ್ತರಿಸಿ. ಗಡಿಯನ್ನು ಮುಟ್ಟಿದರೆ ಗೆರೆ ಮತ್ತೆ ಅಗಲವಾಗುತ್ತದೆ.

ತೀರಾ ಸಣ್ಣದಕ್ಕೆ: ಸುಟ್ಟು ಬರೆಯುವುದು

12 ಮಿಮೀಗಿಂತ ಸಣ್ಣ ಅಕ್ಷರಕ್ಕೆ ಕತ್ತಿ ಬಿಟ್ಟು ಕಾದ ಲೇಖನಿ ಹಿಡಿಯುವುದು ಒಳಿತು. ತಂತಿಮೊನೆಯ, ಬಿಸಿ ಹೆಚ್ಚು ಕಡಿಮೆ ಮಾಡಬಹುದಾದ ಪೆನ್ನು ಸಿಕ್ಕರೆ ಚೆನ್ನ. 25 ವಾಟಿನ ಬೆಸುಗೆ ಕಡ್ಡಿಯ ಮೊನೆಯನ್ನು ಅರದಿಂದ ಚೂಪು ಮಾಡಿಯೂ ನಡೆಯುತ್ತದೆ, ಆದರೆ ಅದು ನಿಧಾನ. ಆಲೆ, ಶಿವನಿಗಳಲ್ಲಿ ಗೆರೆ ಸಮ. ತೇಗದಲ್ಲಿ ಗಟ್ಟಿ ಮತ್ತು ಮೃದು ಉಂಗುರಗಳು ಒಂದೇ ಬಿಸಿಗೆ ಬೇರೆ ಬೇರೆ ಸುಡುವುದರಿಂದ ಗೆರೆ ಚುಕ್ಕಿ ಚುಕ್ಕಿಯಾಗುತ್ತದೆ.

ಮೊನೆ ಮರಕ್ಕೆ ತಾಗುವ ಮುಂಚೆಯೇ ಕೈ ಚಲಿಸುತ್ತಿರಬೇಕು, ಎತ್ತುವಾಗಲೂ ಚಲಿಸುತ್ತಲೇ ಎತ್ತಬೇಕು. ನಿಂತಲ್ಲಿ ಕಪ್ಪು ಬೊಟ್ಟು ಬೀಳುತ್ತದೆ. ತಲೆಕಟ್ಟು ಸೇರುವ ಸಂಧಿಯಲ್ಲಿ ಬಿಸಿ ಕೂಡಿಕೊಂಡು ಗಂಟಾಗುವುದರಿಂದ ಅಲ್ಲಿ ಅರ್ಧ ಮಿಮೀ ಬಿಟ್ಟು ಮುಂದೆ ಹೋಗಿ, ಮರ ತಣ್ಣಗಾದ ಮೇಲೆ ಕೂಡಿಸಿ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ), ಪಾಲಿಶ್ ಆದ ಮರಗಳನ್ನು ಸುಡಬೇಡಿ, ಅಂಟಿನ ಮತ್ತು ಬಣ್ಣದ ಹೊಗೆ ಶ್ವಾಸಕ್ಕೆ ಕೆಟ್ಟದ್ದು.

ಬಣ್ಣ ಮತ್ತು ಪಾಲಿಶ್

ತೋಡನ್ನು ಹಾಗೇ ಬಿಟ್ಟರೆ ನೆರಳೇ ಬಣ್ಣ. ಬಿಳಿ ಮರದಲ್ಲಿ ಓದಲು ಕಷ್ಟವೆನಿಸಿದರೆ ಬಣ್ಣ ತುಂಬಬಹುದು, ಆದರೆ ನೇರವಾಗಿ ತುಂಬಿದರೆ 3 ಮತ್ತು 9ರ ಗೋಡೆಗಳಲ್ಲಿ ತುಂಡಾದ ಎಳೆಗಳು ಬತ್ತಿಯಂತೆ ಬಣ್ಣ ಹೀರಿ ಗಡಿಯಾಚೆಗೆ ಹರಡುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪುಡಿ ತೆಗೆದು, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ಶನ್ನು ತೆಳುವಾಗಿ ಎರಡು ಕೈ ಕೊಡಿ. ಹಲಗೆಗೂ ತೋಡಿಗೂ ಸೇರಿಸಿ. ಒಣಗಿದ ಮೇಲೆ ಸಣ್ಣ ಕುಂಚದಿಂದ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ತುಂಬಿ. ಸ್ಪಿರಿಟ್ ಅಥವಾ ಥಿನ್ನರ್ ಇರುವ ಬಣ್ಣ ಕೆಳಗಿನ ಅರಗನ್ನು ಕರಗಿಸಿಬಿಡಬಹುದು. ಗಡಿ ದಾಟಿದರೂ ಚಿಂತೆಯಿಲ್ಲ. ಮಾರನೆಯ ದಿನ ಚಪ್ಪಟೆ ಮರದ ತುಂಡಿಗೆ 240ರ ಉಪ್ಪುಕಾಗದ ಸುತ್ತಿ ಎಳೆಯ ಉದ್ದಕ್ಕೆ ಹಗುರಾಗಿ ಉಜ್ಜಿದರೆ ಮೇಲಿನ ಬಣ್ಣ ಹೋಗಿ ತೋಡಿನದು ಉಳಿಯುತ್ತದೆ. ಬೆರಳಿಗೆ ಕಾಗದ ಸುತ್ತಿ ಉಜ್ಜಬೇಡಿ, ಬೆರಳು ತೋಡಿನೊಳಕ್ಕೆ ಇಳಿದು ಅಂಚು ಸವೆಸುತ್ತದೆ.

ಮನೆಯೊಳಗಿನ ವಸ್ತುವಿಗೆ ಮೇಲೆ ಇನ್ನೆರಡು ಕೈ ಅರಗಿನ ಪಾಲಿಶ್ ಸಾಕು. ಅದು ನೀರಿಗೆ ಬಿಳಚುತ್ತದೆ, ಆದ್ದರಿಂದ ಹೊರಬಾಗಿಲ ಹಲಗೆಗೆ ಹೊರಾಂಗಣದ ಪಿಯು (ಪಾಲಿಯುರೆಥೇನ್) ಪಾಲಿಶ್ ಇರಲಿ, ಹಿಂಬದಿಗೂ ಅಷ್ಟೇ ಕೈ ಕೊಡಿ. ಒಂದೇ ಬದಿಗೆ ಕೊಟ್ಟರೆ ಇನ್ನೊಂದು ಬದಿ ಮಳೆಗಾಲದ ತೇವ ಹೀರಿ ಹಲಗೆ ಬಾಗುತ್ತದೆ. ಗೆರೆ ತೆಳುವಾಗಿರುವಲ್ಲಿ ಪಾಲಿಶ್ಶನ್ನು ದಪ್ಪಗೆ ಬಳಿಯಬೇಡಿ, ತೋಡಿನ ತಳದಲ್ಲಿ ನಿಂತು ಅಕ್ಷರದ ಆಳವನ್ನೇ ತುಂಬಿಬಿಡುತ್ತದೆ. ಅಗಸೆ ಎಣ್ಣೆ ಬಳಸಿದವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡದೆ ಬಯಲಲ್ಲಿ ಹರಡಿ ಒಣಗಿಸಿ. ಮುದ್ದೆಯೊಳಗೆ ಎಣ್ಣೆ ಒಣಗುವಾಗ ಹುಟ್ಟುವ ಬಿಸಿ ಹೊರಹೋಗಲಾಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು.